ಗಾಂಜಾ ಕಾರ್ಡು, ಗ್ರೀನ್ ಕಾರ್ಡು ಮತ್ತು ನರ್ಸ್ ಕೆಲಸಕ್ಕೆ ಮುಂಚಿನ ಮೂತ್ರಪರೀಕ್ಷೆ: ಅರಿಜೋನಾದಲ್ಲಿರುವವರ ಸಲಹೆ ಬೇಕು

ಪ್ರಶ್ನೆ ಕೇಳಿದವರು: ಹೊಸನರ್ಸ್_ಚಾಂಡ್ಲರ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಮದುವೆಯಾಗಿ ಅರಿಜೋನಾಕ್ಕೆ ಬಂದು ಒಂಬತ್ತು ವರ್ಷಗಳಾದವು. ಇಲ್ಲಿಯೇ ನರ್ಸಿಂಗ್ ಓದಿ, ಕಳೆದ ತಿಂಗಳು ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ, ಫೀನಿಕ್ಸ್ ಪ್ರದೇಶದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಸ ನರ್ಸ್‌ಗಳಿಗೆ ಕೊಡುವ ರೆಸಿಡೆನ್ಸಿ ತರಬೇತಿಗೆ ಆಯ್ಕೆಯಾಗಿದ್ದೇನೆ. ಆಫರ್ ಲೆಟರ್ ಬಂದಿದೆ. ಅದರ ಮೂರನೆಯ ಪುಟದಲ್ಲಿ, ಲಸಿಕೆಗಳ ಪಟ್ಟಿಯ ಕೆಳಗೆ, ನೇಮಕವು ಮಾದಕದ್ರವ್ಯ ಪರೀಕ್ಷೆಯ ಫಲಿತಾಂಶಕ್ಕೆ ಒಳಪಟ್ಟಿರುತ್ತದೆ ಎಂಬ ಒಂದು ಸಾಲಿದೆ. ಪರೀಕ್ಷೆಗೆ ಇನ್ನೂ ದಿನ ಗೊತ್ತಾಗಿಲ್ಲ. ಕರೆ ಬಂದ ಮೇಲೆ 48 ಗಂಟೆಯೊಳಗೆ ಹೋಗಬೇಕಂತೆ.

ಓದಿನ ಕೊನೆಯ ಸೆಮಿಸ್ಟರಿನಲ್ಲಿ ನನಗೆ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇರುವುದು ಪತ್ತೆಯಾಯಿತು. ಎಂಟು ವಾರಗಳಿಗೊಮ್ಮೆ ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್ ಹಾಕಿಸಿಕೊಳ್ಳುತ್ತೇನೆ. ಅದರಿಂದ ಕಾಯಿಲೆ ಹತೋಟಿಗೆ ಬಂದಿದ್ದರೂ, ರಾತ್ರಿ ಹೊಟ್ಟೆ ಹಿಂಡುವುದು ಪೂರ್ತಿಯಾಗಿ ನಿಂತಿಲ್ಲ. ಕ್ರೋನ್ಸ್ ಇಲ್ಲಿನ ವೈದ್ಯಕೀಯ ಗಾಂಜಾ ಕಾರ್ಡಿಗೆ ಅರ್ಹವಾದ ಕಾಯಿಲೆಗಳಲ್ಲಿ ಒಂದು. ವೈದ್ಯರ ಪ್ರಮಾಣಪತ್ರದ ಮೇಲೆ ಕಾರ್ಡು ಪಡೆದು, ಮಲಗುವ ಮುಂಚೆ 5 ಮಿಲಿಗ್ರಾಂನ ಒಂದು ಗಮ್ಮಿಯನ್ನು (ಗಾಂಜಾದ ಅಂಶವಿರುವ ಮೆತ್ತನೆಯ ಮಿಠಾಯಿ) ತಿನ್ನುತ್ತಿದ್ದೇನೆ. ಅಮ್ಮನಿಗೆ ಫೋನಿನಲ್ಲಿ “ರಾತ್ರಿ ಹೊಟ್ಟೆನೋವಿಗೆ ಒಂದು ಔಷಧ” ಎಂದಷ್ಟೇ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಗಾಂಜಾ ಎಂಬ ಮಾತು ಪೊಲೀಸರ ಸುದ್ದಿ ಓದುವಾಗ ಬಿಟ್ಟರೆ ಬೇರೆ ಎಂದೂ ಬಂದದ್ದಿಲ್ಲ.

ಆಸ್ಪತ್ರೆಯ ಎಚ್‌ಆರ್ ವಿಭಾಗಕ್ಕೆ ನಾನೇ ಮೊದಲು ಹೇಳಬೇಕೇ, ಅಥವಾ ಫಲಿತಾಂಶ ಬಂದ ಮೇಲೆ ಕಾರ್ಡು ತೋರಿಸಿದರೆ ಸಾಕೇ? ಲೈಸೆನ್ಸಿಗೆ ತೊಂದರೆಯಾಗಬಹುದೇ? ನಾನು ಗ್ರೀನ್ ಕಾರ್ಡಿನವಳು; ಮುಂದಿನ ವರ್ಷ ಪೌರತ್ವಕ್ಕೆ ಅರ್ಜಿ ಹಾಕುವವಳಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ತಿಳಿಯದು, ಇರಲಿ ಎಂದು ಬರೆದಿದ್ದೇನೆ.

ಉತ್ತರ 1: ಮೇಸಾ_ನಿವಾಸಿ

ನಾನು ವಕೀಲನಲ್ಲ; ಆರೋಗ್ಯ ಸಂಸ್ಥೆಗಳ ನೇಮಕಾತಿ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. ಅರಿಜೋನಾದ ಮತದಾರರು 2010ರಲ್ಲಿ ಅಂಗೀಕರಿಸಿದ ವೈದ್ಯಕೀಯ ಗಾಂಜಾ ಕಾಯ್ದೆಯು ಉದ್ಯೋಗದ ವಿಷಯದಲ್ಲಿ ಬೇರೆ ಹಲವು ರಾಜ್ಯಗಳ ಕಾಯ್ದೆಗಳಿಗಿಂತ ನೇರವಾಗಿದೆ. ಕಾರ್ಡು ಇದೆಯೆಂಬ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ. ಕಾರ್ಡು ಇರುವವರ ಮೂತ್ರದಲ್ಲಿ ಗಾಂಜಾದ ಅಂಶ ಕಂಡಿತೆಂಬ ಒಂದೇ ಕಾರಣಕ್ಕೂ ನಿರಾಕರಿಸುವಂತಿಲ್ಲ. ಕೆಲಸದ ಸ್ಥಳದಲ್ಲಿ ಸೇವಿಸಿದ್ದರೆ, ಇಟ್ಟುಕೊಂಡಿದ್ದರೆ ಅಥವಾ ಅಮಲಿನಲ್ಲಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ನಿಮ್ಮನ್ನು ಸೇರಿಸಿಕೊಂಡದ್ದರಿಂದ ಸಂಸ್ಥೆಯು ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನಡಿ ಹಣವನ್ನೋ ಪರವಾನಗಿಯನ್ನೋ ಕಳೆದುಕೊಳ್ಳುವಂತಿದ್ದರೂ ಸಿಗುವುದಿಲ್ಲ.

ಇಷ್ಟು ಓದಿ ನಿರಾಳವಾಗಬೇಡಿ. 2011ರಲ್ಲಿ ಶಾಸನಸಭೆಯು ರಾಜ್ಯದ ಮಾದಕದ್ರವ್ಯ ಪರೀಕ್ಷೆಯ ಕಾನೂನಿಗೆ ತಿದ್ದುಪಡಿ ತಂದು, “ಸುರಕ್ಷತೆಗೆ ಸಂಬಂಧಿಸಿದ ಹುದ್ದೆ” ಎಂಬ ಒಂದು ವರ್ಗವನ್ನು ಸೇರಿಸಿತು. ಔಷಧಗಳನ್ನು ತಯಾರಿಸುವ ಅಥವಾ ನಿರ್ವಹಿಸುವ ಕೆಲಸ ಆ ವರ್ಗದಲ್ಲಿ ಬರುತ್ತದೆ; ರಾಜ್ಯದ ಶಾಸನಸಂಹಿತೆಯ 32ನೇ ಶೀರ್ಷಿಕೆಯಡಿ ಲೈಸೆನ್ಸ್ ಪಡೆಯಬೇಕಾದ ವೃತ್ತಿಗಳೂ ಬರುತ್ತವೆ. ನರ್ಸಿಂಗ್ ಈ ಎರಡೂ ಬಾಗಿಲುಗಳಿಂದ ಒಳಗೆ ಬೀಳುತ್ತದೆ. ಅಂಥ ಹುದ್ದೆಗೆ ಬರುವವರು ಅಮಲು ತರಬಲ್ಲ ಔಷಧವನ್ನು ಸದ್ಯ ಬಳಸುತ್ತಿದ್ದಾರೆಂದು ಉದ್ಯೋಗದಾತರು ಸದ್ಭಾವನೆಯಿಂದ ನಂಬಿದರೆ, ಅವರನ್ನು ಆ ಹುದ್ದೆಯಿಂದ ದೂರವಿಡಬಹುದು. ಮತದಾರರು ಕೊಟ್ಟ ರಕ್ಷಣೆಯನ್ನು ಶಾಸಕರು ಹೀಗೆ ಮೊಟಕುಗೊಳಿಸಬಹುದೇ ಎಂಬ ತಕರಾರು ಅಂದಿನಿಂದಲೂ ಇದೆ. ಆದರೆ ತಕರಾರನ್ನು ನ್ಯಾಯಾಲಯದವರೆಗೆ ಎಳೆಯುವ ಶಕ್ತಿ ಹೊಸದಾಗಿ ಕೆಲಸಕ್ಕೆ ಸೇರುವ ನರ್ಸ್‌ಗೆ ಎಲ್ಲಿಂದ ಬರಬೇಕು?

ನ್ಯಾಯಾಲಯಗಳು ನಿಮ್ಮಂಥವರ ಪರವಾಗಿ ಹೇಳಿದ್ದೂ ಉಂಟು. 2019ರಲ್ಲಿ ಅರಿಜೋನಾದ ಫೆಡರಲ್ ಜಿಲ್ಲಾ ನ್ಯಾಯಾಲಯವು, ಕಾರ್ಡು ಹೊಂದಿದ್ದ ಒಬ್ಬ ಉದ್ಯೋಗಿಯ ಪ್ರಕರಣದಲ್ಲಿ, ಮೂತ್ರದಲ್ಲಿ ಸಿಕ್ಕ ಅಂಶದ ಪ್ರಮಾಣವೊಂದನ್ನೇ ಮುಂದಿಟ್ಟು, ತಜ್ಞರ ಸಾಕ್ಷ್ಯವಿಲ್ಲದೆ, ಆಕೆ ಅಮಲಿನಲ್ಲಿದ್ದಳೆಂದು ಹೇಳಲಾಗದು ಎಂದಿತು. ಕನೆಕ್ಟಿಕಟ್‌ನಲ್ಲಿ ಒಂದು ನರ್ಸಿಂಗ್ ಹೋಂ ನೇಮಕಾತಿ ಪರೀಕ್ಷೆಯ ನಂತರ ಆಫರ್ ಹಿಂದಕ್ಕೆ ಪಡೆದಾಗ, ಅಲ್ಲಿನ ಫೆಡರಲ್ ನ್ಯಾಯಾಲಯವು 2018ರಲ್ಲಿ ಅಭ್ಯರ್ಥಿಯ ಪರ ತೀರ್ಪಿತ್ತಿತು. 1988ರ ಮಾದಕದ್ರವ್ಯಮುಕ್ತ ಕಾರ್ಯಸ್ಥಳ ಕಾಯ್ದೆ ತಮ್ಮ ಕೈ ಕಟ್ಟಿಹಾಕಿದೆ ಎಂಬ ಸಂಸ್ಥೆಯ ವಾದ ಅಲ್ಲಿ ನಿಲ್ಲಲಿಲ್ಲ, ಏಕೆಂದರೆ ಆ ಕಾಯ್ದೆ ಪರೀಕ್ಷೆ ಮಾಡಲೇಬೇಕೆಂದು ಹೇಳುವುದಿಲ್ಲ. ಎಚ್‌ಆರ್‌ನವರು ಇಂದಿಗೂ ಅದೇ ಕಾಯ್ದೆಯ ಹೆಸರು ಹೇಳಿ ಸುಮ್ಮನಾಗಿಸುತ್ತಾರೆ; ನಾನೂ ಒಂದು ಕಾಲದಲ್ಲಿ ಹೇಳುತ್ತಿದ್ದೆ.

ಮೊದಲು ಆಸ್ಪತ್ರೆಯ ಲಿಖಿತ ನೀತಿಯನ್ನು ತರಿಸಿಕೊಂಡು ಓದಿ. ಕಾರಣ ಹೇಳದೆ ಕೇಳಬಹುದು. ಆಫರ್ ಪಡೆದ ಯಾರು ಬೇಕಾದರೂ ಕೇಳುವಂಥದ್ದೇ ಅದು.

ಉತ್ತರ 2: ಮರುಭೂಮಿ_ಗೌಡ

ಇಷ್ಟೊಂದು ಚಿಂತೆ ಏಕೆ? 2020ರ ನವೆಂಬರ್‌ನಲ್ಲಿ ಇಲ್ಲಿ 21 ದಾಟಿದವರೆಲ್ಲರಿಗೂ ಗಾಂಜಾ ಕಾನೂನುಬದ್ಧವಾಯಿತು. ಕಾರ್ಡನ್ನು ರದ್ದುಪಡಿಸಿ, ಒಂದು ತಿಂಗಳು ಬಿಟ್ಟು, ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ತುಂಬ ನೀರು ಕುಡಿದು ಹೋದರೆ ಮುಗಿಯಿತು.

ಉತ್ತರ 3: ರಾತ್ರಿಪಾಳಿ_ಐಸಿಯು

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. 2020ರ ಕಾನೂನು ಮಾದಕದ್ರವ್ಯಮುಕ್ತ ಕಾರ್ಯಸ್ಥಳದ ನಿಯಮಗಳನ್ನು ಉದ್ಯೋಗದಾತರ ಕೈಯಲ್ಲಿಯೇ ಬಿಟ್ಟಿದೆ. ಪಾಸಿಟಿವ್ ಫಲಿತಾಂಶದ ವಿರುದ್ಧ ರಕ್ಷಣೆ ಏನಾದರೂ ಇದ್ದರೆ ಅದು 2010ರ ಕಾಯ್ದೆಯಡಿ ಕಾರ್ಡು ಹೊಂದಿದವರಿಗೆ ಮಾತ್ರ. ಕಾರ್ಡನ್ನು ಬಿಟ್ಟು ಅದೇ ಗಮ್ಮಿಯನ್ನು ಅಂಗಡಿಯಿಂದ ಕೊಂಡರೆ ಇರುವ ಕೊಡೆಯನ್ನೂ ಮಡಚಿಟ್ಟಂತೆ.

ನೀರಿನ ವಿಷಯಕ್ಕೆ ಬರುತ್ತೇನೆ. ನಾನು ನಾಲ್ಕು ಬಾರಿ ಆಸ್ಪತ್ರೆ ಬದಲಿಸಿದವಳು, ನಾಲ್ಕು ಬಾರಿಯೂ ಆ ಕೋಣೆಗೆ ಹೋದವಳು. ಕೈಚೀಲವನ್ನು ಹೊರಗೆ ಬೀಗದೊಳಗೆ ಇಡಿಸುತ್ತಾರೆ. ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ, ನಲ್ಲಿಗೆ ಟೇಪು ಸುತ್ತಿರುತ್ತಾರೆ. ಲೋಟದ ಪಕ್ಕದಲ್ಲಿ ಉಷ್ಣತೆ ತೋರಿಸುವ ಒಂದು ಪಟ್ಟಿ ಅಂಟಿರುತ್ತದೆ. ನಾಲ್ಕು ನಿಮಿಷದೊಳಗೆ ಅದು 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ಪ್ರಯೋಗಾಲಯದಲ್ಲಿ ಮೂತ್ರದಲ್ಲಿ ಸಹಜವಾಗಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣ ನೋಡುತ್ತಾರೆ. ಅದು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದು ಮೂತ್ರದ ಸಾಂದ್ರತೆಯೂ ಇಳಿದಿದ್ದರೆ “ತೆಳುವಾದ ಮಾದರಿ” ಎಂಬ ಷರಾ ಬೀಳುತ್ತದೆ. ಲೈಸೆನ್ಸಿನ ಶಾಯಿ ಆರದ ನರ್ಸ್‌ಗೆ ಆ ಷರಾ ಶುಭಸೂಚಕವಲ್ಲ. ಮಾದರಿಗೆ ಏನಾದರೂ ಬೆರೆಸಿದ್ದು ಗೊತ್ತಾದರೆ ಪರೀಕ್ಷೆಯನ್ನೇ ನಿರಾಕರಿಸಿದಂತೆ ಎಣಿಸುತ್ತಾರೆ, ಅದು ನರ್ಸಿಂಗ್ ಮಂಡಳಿಗೆ ದೂರಾಗಿ ಹೋಗಲೂಬಹುದು.

ಪರೀಕ್ಷೆಯು ಅಮಲನ್ನು ಅಳೆಯುವುದಿಲ್ಲ, ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿಯನ್ನು ಯಕೃತ್ತು ಒಡೆದ ಮೇಲೆ ಉಳಿಯುವ ಅಂಶವನ್ನು ಅಳೆಯುತ್ತದೆ. ಸಾಮಾನ್ಯವಾಗಿ ಮೊದಲ ಸುತ್ತಿನ ಮಿತಿ ಮಿಲಿಲೀಟರಿಗೆ 50 ನ್ಯಾನೋಗ್ರಾಂ, ದೃಢೀಕರಣದ ಮಿತಿ 15. ಅದು ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಬರುವುದರಿಂದ ನಿತ್ಯ ಸೇವಿಸುವವರಲ್ಲಿ ಒಂದು ತಿಂಗಳವರೆಗೂ ಕಾಣಬಹುದು. ನಿಮ್ಮ ಗಮ್ಮಿ ಚಿಕ್ಕದು ನಿಜ. ಆದರೂ ಇಷ್ಟೇ ದಿನ ಎಂದು ಯಾರೂ ಬರೆದುಕೊಡಲಾರರು.

ಪಾಸಿಟಿವ್ ಬಂದರೆ, ಫಲಿತಾಂಶವನ್ನು ಪರಿಶೀಲಿಸುವ ಎಂಆರ್‌ಒ ಎಂಬ ವೈದ್ಯರು ನಿಮಗೆ ಫೋನ್ ಮಾಡುತ್ತಾರೆ. ವೈದ್ಯರ ಚೀಟಿ ತೋರಿಸಿದರೆ ಎಡಿಎಚ್‌ಡಿ ಎಂಬ ಗಮನದ ಸಮಸ್ಯೆಗೆ ಕೊಡುವ ಆಂಫೆಟಮೈನ್ ಮಾತ್ರೆಯನ್ನು ಒಪ್ಪುತ್ತಾರೆ, ಗಾಂಜಾಗೆ ಚೀಟಿ ಎಂಬುದೇ ಇಲ್ಲ. ವೈದ್ಯರು ಕೊಡುವುದು ಅರ್ಹತೆಯ ಪ್ರಮಾಣಪತ್ರ ಮಾತ್ರ. ಆಸ್ಪತ್ರೆಯ ನೀತಿ ಒಪ್ಪಿದರೆ ಎಂಆರ್‌ಒ ಕಾರ್ಡನ್ನು ಪರಿಗಣಿಸುತ್ತಾರೆ. ಇಲ್ಲವಾದರೆ ಪಾಸಿಟಿವ್ ಎಂದೇ ಬರೆದು ನಿರ್ಧಾರವನ್ನು ಆಸ್ಪತ್ರೆಗೆ ಬಿಡುತ್ತಾರೆ. ಮಾಜಿ ಸೈನಿಕರ ಫೆಡರಲ್ ಆಸ್ಪತ್ರೆಗಳಲ್ಲಿ ಕಾರ್ಡಿಗೆ ಬೆಲೆಯೇ ಇಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ಡ್ರೊನಾಬಿನಾಲ್ ಎಂಬ ಕ್ಯಾಪ್ಸೂಲಿನಲ್ಲಿ ಇರುವುದೂ ಟಿಎಚ್‌ಸಿಯೇ, ಪ್ರಯೋಗಾಲಯದಲ್ಲಿ ತಯಾರಿಸಿದ್ದು. ಕೀಮೋ ರೋಗಿಗಳ ವಾಂತಿಗೆಂದು 1985ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿದ ಔಷಧವದು. ಅದಕ್ಕೆ ಚೀಟಿ ಇದೆ, ಎಂಆರ್‌ಒ ಒಪ್ಪುತ್ತಾರೆ. ಕ್ರೋನ್ಸ್‌ಗೆ ಅದಕ್ಕೆ ಅನುಮೋದನೆ ಇಲ್ಲ, ವಿಮೆಯವರು ಹಣ ಕೊಡದಿರಬಹುದು. ಆದರೂ ನಿಮ್ಮ ಜಠರ-ಕರುಳು ತಜ್ಞರನ್ನು ಒಮ್ಮೆ ಕೇಳಿ. ಹಾಗೆಯೇ ಇನ್ನೊಂದು ಮಾತು, ನರ್ಸ್ ನರ್ಸ್‌ಗೆ ಹೇಳುವಂತೆ ಹೇಳುತ್ತೇನೆ: ಗಾಂಜಾದಿಂದ ನೋವು, ನಿದ್ದೆ ಸುಧಾರಿಸಿದರೂ ಕರುಳಿನ ಉರಿಯೂತ ಇಳಿಯುತ್ತದೆಂದು ಸಿದ್ಧವಾಗಿಲ್ಲ. ಡ್ರಿಪ್ ಹಾಕಿಸಿಕೊಂಡ ಮೇಲೂ ರಾತ್ರಿ ನೋವು ಏಳಿಸುತ್ತಿದ್ದರೆ, ಆ ನೋವನ್ನು ಗಮ್ಮಿಯಿಂದ ಮುಚ್ಚುವ ಮುಂಚೆ ಔಷಧದ ಪ್ರಮಾಣ ಸಾಲದೇನೋ ಎಂದು ನೋಡಿಸಬೇಕು.

ಉತ್ತರ 4: ವಲಸೆ_ಪತ್ರಗಳು

ಪ್ರಶ್ನೆಯ ಕೊನೆಯ ಎರಡು ವಾಕ್ಯಗಳನ್ನು ಯಾರೂ ಮುಟ್ಟಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಶ್ನೆಯ ಗಂಟು ಇರುವುದೇ ಅಲ್ಲಿ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಇದು ಹಾಗಲ್ಲ.

1970ರ ನಿಯಂತ್ರಿತ ವಸ್ತುಗಳ ಕಾಯ್ದೆಯು ಗಾಂಜಾವನ್ನು ಹೆರಾಯಿನ್ ಜೊತೆಯಲ್ಲಿ ಅತಿ ಕಟ್ಟುನಿಟ್ಟಿನ ಮೊದಲನೆಯ ಪಟ್ಟಿಯಲ್ಲಿ ಇರಿಸಿತು. ಕೆಳಗಿನ ಪಟ್ಟಿಗೆ ಇಳಿಸುವ ಪ್ರಸ್ತಾವ 2024ರ ಮೇ ತಿಂಗಳಲ್ಲಿ ಬಂತು, ಆದರೆ ಪ್ರಸ್ತಾವವನ್ನು ನೆಚ್ಚಿ ಯಾರೂ ಅರ್ಜಿ ತುಂಬಬಾರದು. ವಲಸೆ ಕಾನೂನು ನೋಡುವುದು ಫೆಡರಲ್ ಕಣ್ಣಿನಿಂದಲೇ ಹೊರತು ಅರಿಜೋನಾದ ಕಣ್ಣಿನಿಂದಲ್ಲ. 2019ರ ಏಪ್ರಿಲ್ 19ರಂದು ಪೌರತ್ವ ಇಲಾಖೆಯು ಹೊರಡಿಸಿದ ಮಾರ್ಗಸೂಚಿಯು, ರಾಜ್ಯದ ಕಾನೂನು ಒಪ್ಪಿದ್ದರೂ ಗಾಂಜಾಕ್ಕೆ ಸಂಬಂಧಿಸಿದ ನಡತೆಯು ಪೌರತ್ವಕ್ಕೆ ಬೇಕಾದ “ಸಚ್ಚಾರಿತ್ರ್ಯ”ಕ್ಕೆ ಅಡ್ಡಿಯಾಗಬಹುದೆಂದು ಸ್ಪಷ್ಟಪಡಿಸಿತು. ಇದಕ್ಕೆ ಶಿಕ್ಷೆಯಾಗಿರಲೇಬೇಕೆಂದಿಲ್ಲ, ತಾನೇ ಒಪ್ಪಿಕೊಂಡರೂ ಸಾಕಾಗಬಹುದು. ವೈದ್ಯಕೀಯ ಕಾರಣವೆಂಬುದು ಅಲ್ಲಿ ನೆಪವಾಗುವುದೇ ಹೊರತು ಸಮರ್ಥನೆಯಾಗುವುದಿಲ್ಲ.

ಆದ್ದರಿಂದ “ಎಚ್‌ಆರ್‌ಗೆ ಮೊದಲೇ ಪ್ರಾಮಾಣಿಕವಾಗಿ ಇಮೇಲ್ ಬರೆಯಿರಿ” ಎಂದು ಅಮೆರಿಕದ ಪ್ರಜೆಯಾದ ಸಹಪಾಠಿಗೆ ಕೊಡುವ ಸಲಹೆ ನಿಮಗೆ ಹೊಂದುವುದಿಲ್ಲ. ಆಕೆಯ ಮಟ್ಟಿಗೆ ಅದು ಬರೀ ಇಮೇಲ್. ನಿಮ್ಮ ಮಟ್ಟಿಗೆ ಸಹಿ ಹಾಕಿದ ಒಪ್ಪಿಗೆ. ರಾಜ್ಯದ ಆರೋಗ್ಯ ಇಲಾಖೆಯಲ್ಲಿರುವ ಕಾರ್ಡುದಾರರ ಪಟ್ಟಿ ಕಾನೂನಿನ ಪ್ರಕಾರ ಗೋಪ್ಯ. ನೀವೇ ಕೈಯಾರೆ ಬರೆದದ್ದಕ್ಕೆ ಆ ಕಾನೂನಿನ ರಕ್ಷಣೆ ಇರುವುದಿಲ್ಲ. ಅದರರ್ಥ ಸುಳ್ಳು ಹೇಳಿ ಎಂದಲ್ಲ. ಪೌರತ್ವದ ಅರ್ಜಿಯಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳುವುದು ಗಾಂಜಾಕ್ಕಿಂತ ದೊಡ್ಡ ಅಪರಾಧ. ಎಚ್‌ಆರ್‌ಗಾಗಲಿ ಎಂಆರ್‌ಒಗಾಗಲಿ ಒಂದು ಸಾಲು ಬರೆಯುವ ಮುಂಚೆ ವಲಸೆ ವಕೀಲರನ್ನು ಕಾಣಿ. ಊರಿಗೆ ಹೋಗುವುದಿದ್ದರೆ ಕಾರ್ಡಾಗಲಿ ಗಮ್ಮಿಯಾಗಲಿ ಸಾಮಾನಿನಲ್ಲಿ ಇರಕೂಡದು. ಹಿಂದಿರುಗುವಾಗ ವಿಮಾನನಿಲ್ದಾಣದಲ್ಲಿ ಕುಳಿತಿರುವ ಅಧಿಕಾರಿಗೂ ಇದೇ ಪ್ರಶ್ನೆಯನ್ನು ಕೇಳುವ ಹಕ್ಕಿದೆ.

ಪ್ರಶ್ನೆ ಕೇಳಿದವರ ಮರುಬರಹ: ಹೊಸನರ್ಸ್_ಚಾಂಡ್ಲರ್

ಎಚ್‌ಆರ್‌ಗೆಂದು ಎರಡು ಪ್ಯಾರಾ ಬರೆದು, ಕಾರ್ಡಿನ ಫೋಟೋವನ್ನೂ ಲಗತ್ತಿಸಿ, ಕಳಿಸುವ ಗುಂಡಿ ಒತ್ತದೆ ಇಟ್ಟಿದ್ದೆ. ಉತ್ತರ 4 ಓದಿದ ಮೇಲೆ ಅದನ್ನು ಅಳಿಸಿದೆ. ನೀತಿಯ ಪ್ರತಿಯನ್ನು ಮಾತ್ರ ಕೇಳಿದೆ, ಮರುದಿನವೇ ಕಳಿಸಿದರು. ನರ್ಸ್ ಹುದ್ದೆಗಳೆಲ್ಲವೂ ಸುರಕ್ಷತೆಗೆ ಸಂಬಂಧಿಸಿದವು, ವೈದ್ಯಕೀಯ ಗಾಂಜಾ ಕಾರ್ಡನ್ನು ವಿವರಣೆಯಾಗಿ ಒಪ್ಪುವುದಿಲ್ಲ ಎಂದು ಆರನೆಯ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿಯೇ ಇದೆ. ಮೇಸಾದವರು ಹೇಳಿದ ಎರಡು ಬಾಗಿಲುಗಳ ಮಾತು ಅಲ್ಲಿ ಹಾಗೆಯೇ ಕುಳಿತಿದೆ.

ರೆಸಿಡೆನ್ಸಿಯ ಮುಂದಿನ ತಂಡ ಹತ್ತು ವಾರಗಳ ನಂತರ ಆರಂಭವಾಗುತ್ತದೆ. ಆರೋಗ್ಯದ ಕಾರಣ ಎಂದಷ್ಟೇ ಹೇಳಿ ಅದಕ್ಕೆ ಬದಲಿಸಿಕೊಂಡೆ, ಅವರೂ ಹೆಚ್ಚು ಕೆದಕಲಿಲ್ಲ. ಗಮ್ಮಿ ನಿಲ್ಲಿಸಿ ನಾಲ್ಕು ರಾತ್ರಿಗಳಾದವು. ಎರಡು ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಬಿಸಿನೀರಿನ ಚೀಲವಿಟ್ಟುಕೊಂಡು ಕುಳಿತಿದ್ದೆ. ಗುರುವಾರ ತಜ್ಞರ ಬಳಿ ಹೋಗುತ್ತಿದ್ದೇನೆ. ಡ್ರಿಪ್‌ನ ಪ್ರಮಾಣದ ಬಗ್ಗೆ ಮೊದಲು, ಕ್ಯಾಪ್ಸೂಲಿನ ಬಗ್ಗೆ ಆಮೇಲೆ ಕೇಳುತ್ತೇನೆ. ವಲಸೆ ವಕೀಲರ ಭೇಟಿ ಮುಂದಿನ ಮಂಗಳವಾರಕ್ಕೆ ನಿಗದಿಯಾಗಿದೆ. ಈಗಾಗಲೇ ಪಡೆದಿರುವ ಕಾರ್ಡನ್ನು ಏನು ಮಾಡಬೇಕೆಂದು ಅವರನ್ನೇ ಕೇಳಬೇಕು.