ಸಹಾಯ ಬೇಕು: ಮೂರು ವಿಷಯದ ಬಿ.ಎಸ್‌ಸಿ. ಇದ್ದರೆ ಕೇರಳದಲ್ಲಿ ಗಣಿತ ಟೀಚರ್ ಆಗಬಹುದಾ?

ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವಳು, ಹತ್ತನೇ ತರಗತಿವರೆಗೂ ಓದಿದ್ದು ಕನ್ನಡ ಮಾಧ್ಯಮ. ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಆಗಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸಮ. ನಮ್ಮ ಕಡೆಯ ಹೈಸ್ಕೂಲಲ್ಲೇ ಕನ್ನಡದಲ್ಲಿ ಗಣಿತ ಕಲಿಸಬೇಕೆಂದು ತುಂಬಾ ಆಸೆ. ಬೀಜಗಣಿತ ಮಕ್ಕಳಿಗೆ ಅವರ ಭಾಷೆಯಲ್ಲೇ ಸಿಗಬೇಕು ಅಲ್ವಾ?

ಪದವಿ, ಅದೇ ವಿಷಯದ ಬಿ.ಎಡ್., ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ) ಮೂರನೇ ವಿಭಾಗ, ಅಂದರೆ ಹೈಸ್ಕೂಲಿನದು, ಬೇಕು, ಅದು ಗೊತ್ತು. ಆದರೆ ಪದವಿಯಲ್ಲಿ ಗಣಿತ 'ಮೈನ್' (ಮುಖ್ಯ ವಿಷಯ) ಆಗಿರಬೇಕು ಅಂತಾರೆ. ನನ್ನ ಅಂಕಪಟ್ಟಿಯಲ್ಲಿ ಮೈನ್ ಅಂತ ಯಾವುದೂ ಇಲ್ಲ. ಕೇರಳ ಪಿಎಸ್‌ಸಿಯ (ಲೋಕಸೇವಾ ಆಯೋಗದ) ಹಳೆಯ ಅಧಿಸೂಚನೆ ಓದಿದೆ, ಗೊತ್ತಿದ್ದ ಟೀಚರುಗಳಲ್ಲಿ ಕೇಳಿದೆ. ಒಬ್ಬೊಬ್ಬರದು ಒಂದೊಂದು ಉತ್ತರ. ಬಿ.ಎಡ್.ಗೆ ಎರಡು ವರ್ಷ ಕೊಟ್ಟ ಮೇಲೆ ಅರ್ಜಿ ತಿರಸ್ಕಾರವಾದರೆ ಏನು ಮಾಡಲಿ?

ಇಂಥದೇ ಪದವಿಯಿಂದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಗಣಿತ ಹುದ್ದೆ ಸಿಕ್ಕಿದವರು ಇದ್ದೀರಾ? ನಮ್ಮ ಪದವಿ ಕೇರಳದ ಪದವಿಗೆ ಸಮ ಅನ್ನುವ ತತ್ಸಮಾನ ಪ್ರಮಾಣಪತ್ರ ಎಲ್ಲಿ ಮಾಡಿಸಿದಿರಿ, ಬಿ.ಎಡ್. ಸೇರುವ ಮೊದಲೋ ಆಮೇಲೋ?