1912ರ ಅಮೆರಿಕದ ಬೋರ್ಡಿಂಗ್ ಸ್ಕೂಲ್ ಹುಡುಗರು ಏನ್ ಹಾಕ್ತಿದ್ರು? ನಾಟಕಕ್ಕೆ ಬೇಕಿತ್ತು

ನೇಪಥ್ಯ:
ಎಲ್ರಿಗೂ ನಮಸ್ಕಾರ. ನಾವೊಂದು ನಾಟಕ ಮಾಡ್ತಿದೀವಿ, ಕಥೆ ನಡೆಯೋದು 1912ರಲ್ಲಿ, ಮ್ಯಾಸಚೂಸೆಟ್ಸ್‌ನ ಒಂದು ಪ್ರೈವೇಟ್ ಬೋರ್ಡಿಂಗ್ ಸ್ಕೂಲಲ್ಲಿ, ಹುಡುಗರು 12ರಿಂದ 18 ವರ್ಷದೋರು. ಬಟ್ಟೆ ಜವಾಬ್ದಾರಿ ನಂದು. ಎಲ್ರಿಗೂ ಒಂದೇ ಬಣ್ಣದ ಬ್ಲೇಜರ್, ಜೇಬಿನ ಮೇಲೆ ಬ್ಯಾಡ್ಜು, ಪಟ್ಟೆ ಟೈ ಅಂತ ಡೈರೆಕ್ಟರ್ ಹೇಳ್ತಿದಾರೆ, ಆದ್ರೆ ಆ ಕಾಲದ ಗ್ರೂಪ್ ಫೋಟೋ ನೋಡಿದ್ರೆ ಒಬ್ಬೊಬ್ರು ಒಂದೊಂದ್ ತರ ಇದಾರೆ, ಕೆಲವರದ್ದು ಮೊಣಕಾಲ ಹತ್ರ ನಿಲ್ಲೋ ಪ್ಯಾಂಟು ಕೆಲವರದ್ದು ಉದ್ದದ್ದು. ಏನಿದು ಲೆಕ್ಕ? ಗೊತ್ತಿರೋರು ಹೇಳಿ ಪ್ಲೀಸ್.

ಸೂಜಿದಾರ:
ಬ್ಲೇಜರ್ ಬೇಡ್ವೇ ಬೇಡ, ಫೋಟೋನೇ ನಂಬಿ. ಗ್ರೋಟನ್, ಆಂಡೋವರ್, ಎಕ್ಸಿಟರ್ ತರದ ಸ್ಕೂಲ್‌ಗಳಲ್ಲಿ ಯೂನಿಫಾರ್ಮ್ ಇರ್ಲಿಲ್ಲ, ಕೋಟು ಕಾಲರ್ ಟೈ ಹಾಕ್ಕೊಂಡು ನೀಟಾಗಿರ್ಬೇಕು ಅಷ್ಟೆ, ಬಟ್ಟೆ ಮನೆಯವರೇ ಕೊಡಿಸಿ ಟ್ರಂಕ್ ತುಂಬಿ ಕಳಿಸೋರು.

ಪ್ಯಾಂಟಿನ ಲೆಕ್ಕ ವಯಸ್ಸಿಂದು. ಚಿಕ್ಕೋರಿಗೆ ನಿಕರ್‌ಬಾಕರ್ಸ್, ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಪಟ್ಟಿ ಸುತ್ತಿ ಬಕಲ್ ಹಾಕೋದು, ಮೇಲಿನ ಬಟ್ಟೆ ಉಬ್ಕೊಂಡು ಬಕಲ್ ಮೇಲೆ ಇಳಿಬಿದ್ದಿರುತ್ತೆ. ಅದರ ಕೆಳಗೆ ಕಪ್ಪು ಸ್ಟಾಕಿಂಗ್ಸ್, ಪ್ಯಾಂಟಿನ ಒಳಗೇ ತೊಡೆವರೆಗೂ ಹೋಗಿರುತ್ತೆ, ಕಾಲಿನ ಚರ್ಮ ಎಲ್ಲೂ ಕಾಣಬಾರ್ದು, ಇದನ್ನ ಮಾತ್ರ ತಪ್ಪಿಸ್ಬೇಡಿ. ಹದಿನಾಲ್ಕು, ಹದಿನೈದು, ಹದಿನಾರರ ಆಸುಪಾಸಲ್ಲಿ ಉದ್ದ ಪ್ಯಾಂಟಿಗೆ ಬಡ್ತಿ, ಯಾವಾಗ ಅನ್ನೋದು ಮನೆಯವರ ತೀರ್ಮಾನ, ಹಂಗಾಗಿ ಒಂದೇ ಕ್ಲಾಸಲ್ಲಿ ಎರಡೂ ಇರೋದು. ಜೊತೆಯೋರೆಲ್ಲ ಉದ್ದ ಪ್ಯಾಂಟಲ್ಲಿದ್ದಾಗ ತಾನೊಬ್ಬನೇ ನಿಕರ್ಸಲ್ಲಿರೋ ಹುಡುಗನ ಸಂಕಟ ಇದೆಯಲ್ಲ, ಅದು ನಿಮ್ಮ ನಾಟಕಕ್ಕೆ ತುಂಬಾ ಉಪಯೋಗಕ್ಕೆ ಬರುತ್ತೆ ಅನ್ಸುತ್ತೆ.

ಮೇಲೆ ನಾರ್ಫೋಕ್ ಜಾಕೆಟ್ ಹೊಲಿಸಿ, ಎದೆ ಬೆನ್ನು ಎರಡೂ ಕಡೆ ಉದ್ದಕ್ಕೆ ಅಗಲವಾದ ನೆರಿಗೆ, ಸೊಂಟಕ್ಕೆ ಅದೇ ಬಟ್ಟೆಯ ಬೆಲ್ಟು. ಕಂದು, ಬೂದಿ ಬಣ್ಣದ ಒರಟು ಉಣ್ಣೆ ಬಟ್ಟೆ ಚೆನ್ನಾಗ್ ಕಾಣುತ್ತೆ.

ಹಳೇಟ್ರಂಕು:
ಮೇಲಿನವರು ಹೇಳಿದ್ದೆಲ್ಲಾ ಸರಿ, ನಾನು ಕಾಲರ್ ಬಗ್ಗೆ ಸೇರಿಸ್ತೀನಿ ಯಾಕಂದ್ರೆ ಸ್ಟೇಜ್ ಮೇಲೆ ಮೊದಲು ಕಾಣೋದೇ ಅದು. ಆಗಿನ ಶರ್ಟಿಗೆ ಕಾಲರ್ ಹೊಲಿದಿರ್ತಿರ್ಲಿಲ್ಲ, ಬರೀ ಕುತ್ತಿಗೆ ಪಟ್ಟಿ, ಅದಕ್ಕೆ ಹಿಂದೊಂದು ಮುಂದೊಂದು ಸ್ಟಡ್ (ತೆಗೆದು ಹಾಕೋ ಪುಟ್ಟ ಗುಂಡಿ) ಹಾಕಿ ಗಂಜಿ ಹಾಕಿದ ಬಿಳಿ ಕಾಲರ್ ಸಿಕ್ಕಿಸೋದು, ರಟ್ಟಿನ ಹಾಗೆ ಗಟ್ಟಿ ಇರುತ್ತೆ, ತಲೆ ತಗ್ಗಿಸಿದ್ರೆ ಗದ್ದಕ್ಕೆ ಒತ್ತುತ್ತೆ. ಆಕ್ಟರ್ಸ್‌ಗೆ ರಿಹರ್ಸಲ್ಲಿಂದನೇ ಹಾಕಿಸಿ, ನಿಲ್ಲೋ ಭಂಗಿನೇ ಬದಲಾಗುತ್ತೆ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರು ಈ ಕಾಲರ್ ಫ್ಯಾಕ್ಟರಿಗಳಿಂದನೇ ಹೆಸರುವಾಸಿ, ಆರೋ ಅನ್ನೋ ಬ್ರ್ಯಾಂಡಿನ ಕಾಲರ್ ಕೂಡ ಅಲ್ಲಿಂದೇ. ಮೆತ್ತನೆ ಕಾಲರ್ ಎಲ್ಲಾ ಕಡೆ ಬಂದಿದ್ದು ಮೊದಲನೇ ಮಹಾಯುದ್ಧ ಮುಗಿದ ಮೇಲೆ.

ಗ್ರೋಟನ್ ಕಥೆ ಇನ್ನೂ ಮಜಾ. ಎಂಡಿಕಾಟ್ ಪೀಬಡಿ 1884ರಲ್ಲಿ ಶುರು ಮಾಡಿದ ಸ್ಕೂಲು, ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ 1896ರಿಂದ 1900ರವರೆಗೆ ಓದಿದ್ದು ಅಲ್ಲೇ. ಶ್ರೀಮಂತರ ಮಕ್ಕಳೇ ಜಾಸ್ತಿ, ಆದ್ರೂ ಬೆಳಗ್ಗೆ ತಣ್ಣೀರು ಸ್ನಾನ, ಮಲಗೋಕೆ ಬಾಗಿಲಿಲ್ಲದ ಪುಟ್ಟ ಗೂಡು, ರಾತ್ರಿ ಊಟಕ್ಕೆ ಮಾತ್ರ ಗಟ್ಟಿ ಕಾಲರ್, ಕಾಲಿಗೆ ಪಳಪಳ ಹೊಳೆಯೋ ಪೇಟೆಂಟ್ ಲೆದರ್ ಶೂ ಕಡ್ಡಾಯ. ಊಟದ ಸೀನ್ ಇದ್ರೆ ಖಂಡಿತ ಬಳಸಿ.

ಕವಾಯತು:
ಮಿಲಿಟರಿ ಸ್ಕೂಲ್ ಆಗಿದ್ರೆ ಮಾತ್ರ ಲೆಕ್ಕ ಬೇರೆ, ಇಂಡಿಯಾನಾದ ಕಲ್ವರ್ (1894) ತರದ ಕಡೆ ಎಲ್ರಿಗೂ ವೆಸ್ಟ್ ಪಾಯಿಂಟ್ (ಅಮೆರಿಕದ ಸೇನಾ ಅಕಾಡೆಮಿ) ಮಾದರಿ ಕ್ಯಾಡೆಟ್ ಯೂನಿಫಾರ್ಮ್. ನಿಮ್ದು ಅದಲ್ಲ ಅನ್ಸುತ್ತೆ.

ನೇಪಥ್ಯ:
ಅಲ್ಲ ಸರ್, ಮಾಮೂಲಿ ಸ್ಕೂಲೇ. ಎಲ್ರಿಗೂ ತುಂಬಾ ಥ್ಯಾಂಕ್ಸ್, ಡೈರೆಕ್ಟರ್‌ಗೆ ಈ ಥ್ರೆಡ್ಡೇ ತೋರಿಸ್ತೀನಿ. ಫುಟ್‌ಬಾಲ್ ಟೀಮಿನ ಹೀರೋ ಒಬ್ಬ ಇದಾನೆ, ಅವನಿಗೆ ಎದೆ ಮೇಲೆ ದೊಡ್ಡ ಅಕ್ಷರ ಇರೋ ಸ್ವೆಟರ್ ಆಗುತ್ತಾ? ಕ್ಯಾನ್ವಾಸ್ ಶೂ?

ಸೂಜಿದಾರ:
ಸ್ವೆಟರ್ ಧಾರಾಳವಾಗಿ ಹಾಕಿಸಿ, ಅಕ್ಷರದ ಪದ್ಧತಿ 1865ರಲ್ಲೇ ಹಾರ್ವರ್ಡ್ ಬೇಸ್‌ಬಾಲ್ ಟೀಮಿಂದ ಶುರುವಾಗಿದ್ದು. ಆಂಡೋವರ್ ಎಕ್ಸಿಟರ್ ಫುಟ್‌ಬಾಲ್ ಜಿದ್ದು 1878ರಿಂದ ಇದೆ, ಒಂದ್ ಕಡೆ ನೀಲಿ ಇನ್ನೊಂದ್ ಕಡೆ ಕೆಂಪು, ಆ ಬಣ್ಣಗಳನ್ನ ನೋಡ್ಕೊಳ್ಳಿ. ಆದ್ರೆ ಅಕ್ಷರ ಅವನೊಬ್ಬನಿಗೇ ಇರ್ಲಿ, ಟೀಮಲ್ಲಿ ಆಡಿ ಗಳಿಸಿದೋರಿಗೆ ಮಾತ್ರ ಅದು. ಶೂ ವಿಷಯದಲ್ಲಿ ಹುಷಾರು, ಕೆಡ್ಸ್ ಅನ್ನೋ ಕ್ಯಾನ್ವಾಸ್ ಶೂ ಬ್ರ್ಯಾಂಡ್ ಬಂದಿದ್ದೇ 1916ರಲ್ಲಿ, ಹಾಗಾಗಿ ಈಗಿನ ತರ ಕಾಣೋ ಕ್ಯಾನ್ವಾಸ್ ಶೂ ಬೇಡ, ಕ್ಲಾಸಿಗೆ ಪಾದದ ಗಂಟು ಮುಚ್ಚೋ ಕಪ್ಪು ಲೇಸ್ ಬೂಟು ಹಾಕಿಸಿ.