ನೇಪಲ್ಸ್‌ನಲ್ಲಿ ಮೂರು ದಿನ: ಮಾರ್ಗದರ್ಶಿಯೊಂದಿಗೆ ಪ್ರಶ್ನೋತ್ತರ

ಮಾರ್ಗದರ್ಶಿ: ಎಲ್ಲರಿಗೂ ನಮಸ್ಕಾರ. ನಾನು ಇಟಲಿಯ ಕಡಲತೀರದ ನೇಪಲ್ಸ್ ನಗರದಲ್ಲಿ ಪರವಾನಗಿ ಪಡೆದ ಪ್ರವಾಸಿ ಮಾರ್ಗದರ್ಶಿ. ಎರಡು ಮೂರು ದಿನಗಳ ಮಟ್ಟಿಗೆ ಇಲ್ಲಿಗೆ ಬರಲು ಯೋಚಿಸುತ್ತಿರುವವರು ಪ್ರಶ್ನೆ ಕೇಳಬಹುದು. ಕೇಳುವ ಮುನ್ನ ಮೇಲಿನ ಉತ್ತರಗಳನ್ನು ಓದಬೇಕೆಂದು ವಿನಂತಿ.

ದಾವಣಗೆರೆಯ ಸದಸ್ಯರು: ಅಮೆರಿಕದ ಪ್ರವಾಸಿ ವೀಸಾ ಇದ್ದರೆ ಇಟಲಿಗೆ ಬೇರೆ ವೀಸಾ ಬೇಡವೆಂಬ ಸಂದೇಶ ಬಂದಿದೆ. ನಿಜವೇ ಸರ್?

ಮಾರ್ಗದರ್ಶಿ: ನಿಜವಲ್ಲ. ಭಾರತದ ಪಾಸ್‌ಪೋರ್ಟ್‌ನಲ್ಲಿ ಪ್ರವಾಸಕ್ಕೆ ಬರುವವರಿಗೆ ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ ಬೇಕು. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಇರಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು.

ಶಿವಮೊಗ್ಗದ ಸದಸ್ಯೆ: ಆಗಸ್ಟ್ 14ರಿಂದ 16ರವರೆಗೆ ನಾನು ಮತ್ತು ನಮ್ಮ ತಂದೆ ಅಲ್ಲಿರುತ್ತೇವೆ. ಅವರಿಗೆ 74 ವರ್ಷ. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ್ದಾರೆ. ಮೊದಲ ದಿನ ಬೆಳಿಗ್ಗೆ ಪಾಂಪೇಯಿ, ಮಧ್ಯಾಹ್ನ ವೆಸೂವಿಯಸ್, ಮರುದಿನ ವಸ್ತುಸಂಗ್ರಹಾಲಯ ಎಂದುಕೊಂಡಿದ್ದೇವೆ. ಬಿಸಿಲು ತಾಗದಂತೆ ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಸಾಕೆಂದು ನಮ್ಮ ಕುಟುಂಬದ ಗುಂಪಿನಲ್ಲಿ ಬಂದಿದೆ. ಈ ಯೋಜನೆ ಸರಿಯಿದೆಯೇ?

ಮಾರ್ಗದರ್ಶಿ: ಅಮ್ಮಾ, ಸರಿಯಿಲ್ಲ. ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ. ಪಾಂಪೇಯಿ ಎಂದರೆ ಒಂದು ಗುಡಿಯೋ ಕೋಟೆಯೋ ಅಲ್ಲ. ವೆಸೂವಿಯಸ್ ಜ್ವಾಲಾಮುಖಿಯ ಸ್ಫೋಟದಲ್ಲಿ ಹೂತುಹೋದ, 66 ಹೆಕ್ಟೇರ್ ವಿಸ್ತಾರದ ರೋಮನ್ ಊರು, ಅದರಲ್ಲಿ ಸುಮಾರು ಮೂರನೇ ಎರಡು ಭಾಗವನ್ನು ಅಗೆದು ತೆರೆದಿದ್ದಾರೆ. ಮನೆಗಳಿಗೆ ಛಾವಣಿ ಉಳಿದಿರುವುದು ಕಡಿಮೆ, ಬೀದಿಗಳಲ್ಲಿ ನೆರಳಿಲ್ಲ, ಹಾಸಿರುವ ಲಾವಾ ಕಲ್ಲುಗಳು ಉಬ್ಬುತಗ್ಗಾಗಿದ್ದು ಸವೆದು ಜಾರುತ್ತವೆ. ಆಗಸ್ಟ್ ಮಧ್ಯಾಹ್ನ ಆ ಕಲ್ಲುಗಳೇ ಕಾವು ಉಗುಳುತ್ತವೆ. ವೆಸೂವಿಯಸ್‌ನಲ್ಲಿ ಬಸ್ಸು ಸುಮಾರು 1,000 ಮೀಟರ್ ಎತ್ತರದವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಮುಂದೆ ಜಲ್ಲಿಯ ಏರುದಾರಿಯನ್ನು ನಡೆದೇ ಹತ್ತಬೇಕು. ಇವೆರಡನ್ನೂ ಒಂದೇ ದಿನ ಇಟ್ಟುಕೊಂಡು ಬಂದ ಆರೋಗ್ಯವಂತ ಯುವಕರೇ ಸಂಜೆಗೆ ಕುಸಿದು ಕುಳಿತದ್ದನ್ನು ನಾನು ನೋಡಿದ್ದೇನೆ. ಈರುಳ್ಳಿ ಏನನ್ನೂ ತಡೆಯುವುದಿಲ್ಲ. ಅದನ್ನು ನಂಬಿ ಟೋಪಿ, ನೀರು, ವಿಶ್ರಾಂತಿಯನ್ನು ಕಡೆಗಣಿಸಿದರೆ ಪ್ರಾಣಕ್ಕೆ ಅಪಾಯ.

ಆಗಸ್ಟ್ 15 ಇಲ್ಲಿ ಫೆರಗೋಸ್ತೊ ಹಬ್ಬ. ಆ ಹೊತ್ತಿಗೆ ಅನೇಕ ಅಂಗಡಿ, ಹೋಟೆಲುಗಳು ಮುಚ್ಚಿರುತ್ತವೆ. ಸಾಧ್ಯವಿದ್ದರೆ ಪ್ರವಾಸವನ್ನು ಅಕ್ಟೋಬರಿಗೆ ಮುಂದೂಡಿ, ತಂದೆಯವರ ಹೃದ್ರೋಗ ವೈದ್ಯರನ್ನು ಕೇಳಿಯೇ ಟಿಕೆಟ್ ಕಾಯ್ದಿರಿಸಿ. ವೆಸೂವಿಯಸ್ ಬಿಡಿ. ಪಾಂಪೇಯಿಯ ಬದಲು ಹರ್ಕ್ಯುಲೇನಿಯಂ ನೋಡಿ: ಕ್ರಿ.ಶ. 79ರ ಅದೇ ಸ್ಫೋಟದಲ್ಲಿ ಹೂತುಹೋದ ಊರು, ತೆರೆದಿರುವ ಭಾಗ ಚಿಕ್ಕದು, ಮನೆಗಳ ಮೇಲಂತಸ್ತು ಮತ್ತು ಸುಟ್ಟು ಕರಕಲಾದ ಮರದ ಬಾಗಿಲುಗಳೂ ಉಳಿದಿವೆ. ಪಾಂಪೇಯಿಯನ್ನೇ ನೋಡಬೇಕೆಂದರೆ ಅಂಫಿಥಿಯೇಟರ್ ಕಡೆಯ ದ್ವಾರದಿಂದ ಬೆಳಿಗ್ಗೆಯೇ ಒಳಹೋಗಿ. ಗಾಲಿಕುರ್ಚಿಗೂ ಅನುಕೂಲವಾಗುವಂತೆ ಸಮತಟ್ಟು ಮಾಡಿದ ದಾರಿ ಅಲ್ಲಿಂದ ಆರಂಭವಾಗುತ್ತದೆ. ತುರ್ತಿಗೆ 112 ಒತ್ತಬೇಕು.

ಹುಬ್ಬಳ್ಳಿಯ ಸದಸ್ಯರು: ಸಸ್ಯಾಹಾರ ಸಿಗುತ್ತದೆಯೇ?

ಮಾರ್ಗದರ್ಶಿ: ಸಿಗುತ್ತದೆ. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಇಷ್ಟೇ, ಚೀಸ್ ಇಲ್ಲ. ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಕಟ್ಟುನಿಟ್ಟಿನವರು ಅದನ್ನು ಬಿಡಿ.

ಮೈಸೂರಿನ ನಿವೃತ್ತ ಅಧ್ಯಾಪಕರು: ಪಾಂಪೇಯಿಯಲ್ಲಿ ಸಿಕ್ಕ ದಂತದ ಲಕ್ಷ್ಮಿಯನ್ನು ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. ಅದು ಈಗ ಎಲ್ಲಿದೆ?

ಮಾರ್ಗದರ್ಶಿ: ಗುರುಗಳೇ, ಈ ಪ್ರಶ್ನೆ ಬಂದದ್ದು ಬಹಳ ಸಂತೋಷ. ಅದು ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ, ಶೃಂಗಾರ ಚಿತ್ರಗಳನ್ನಿಟ್ಟಿರುವ ‘ರಹಸ್ಯ ಕೋಣೆ’ಯಲ್ಲಿದೆ. 1938ರಲ್ಲಿ ಪಾಂಪೇಯಿಯ ದೊಡ್ಡ ಬೀದಿಯೊಂದರ ಮನೆಯಲ್ಲಿ ದೊರೆತ, ಸುಮಾರು 25 ಸೆಂ.ಮೀ. ಎತ್ತರದ ಕೆತ್ತನೆ. ಎರಡೂ ಪಕ್ಕದಲ್ಲಿ ಪುಟ್ಟ ಪರಿಚಾರಿಕೆಯರಿದ್ದಾರೆ. ನಡುವೆ ಕೊರೆದ ರಂಧ್ರವಿರುವುದರಿಂದ, ಪೂಜೆಯ ಮೂರ್ತಿಯಲ್ಲ, ಪೀಠೋಪಕರಣದ ಕಾಲೋ ಕನ್ನಡಿಯ ಹಿಡಿಯೋ ಆಗಿತ್ತೆಂದು ವಿದ್ವಾಂಸರು ಊಹಿಸುತ್ತಾರೆ. ಮೊದಲು ಲಕ್ಷ್ಮಿ ಎಂದು ಕರೆದರು. ಈಗ ಯಕ್ಷಿ ಎನ್ನುವವರೇ ಹೆಚ್ಚು. ಇದನ್ನು ಹೋಲುವ ಕೆತ್ತನೆಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ಧನ್‌ಗಳಲ್ಲಿ ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತದ್ದು ತಮಗೆ ತಿಳಿದೇ ಇದೆ. ಆ ನಾಣ್ಯಗಳನ್ನು ನಮ್ಮ ನೆಲಕ್ಕೆ ತಂದ ವ್ಯಾಪಾರವೇ ಈ ದಂತವನ್ನು ಇಲ್ಲಿಗೆ ತಂದಿತು. ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ.

ಬೆಳಗಾವಿಯ ಸದಸ್ಯರು: ಯಕ್ಷಿಯಲ್ಲ, ಲಕ್ಷ್ಮಿಯೇ. ರೋಮನ್ನರು ಲಕ್ಷ್ಮೀಪೂಜೆ ಮಾಡುತ್ತಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಧಾರವಾಡದ ಸದಸ್ಯೆ: ಕಮಲವಿಲ್ಲ, ಆನೆಗಳಿಲ್ಲ. ಯಾವ ಲಕ್ಷಣದಿಂದ ಲಕ್ಷ್ಮಿ ಎನ್ನುತ್ತೀರಿ?

ಬೆಳಗಾವಿಯ ಸದಸ್ಯರು: ಎಲ್ಲದಕ್ಕೂ ಲಕ್ಷಣ ಕೇಳುವವರಿಗೆ ಶ್ರದ್ಧೆ ಅರ್ಥವಾಗುವುದಿಲ್ಲ.

ಧಾರವಾಡದ ಸದಸ್ಯೆ: ಶ್ರದ್ಧೆಯ ಮಾತನ್ನು ಎತ್ತಿದವರು ತಾವು. ನಾನು ಮೂರ್ತಿಶಿಲ್ಪದ ಬಗ್ಗೆ ಕೇಳಿದೆ. ಉತ್ತರವಿಲ್ಲದಿದ್ದರೆ ಇಲ್ಲವೆನ್ನಿ.

ತುಮಕೂರಿನ ಸದಸ್ಯರು: ಸರ್, ಸ್ಯಾನ್ ಕಾರ್ಲೊ ರಂಗಮಂದಿರದಲ್ಲಿ ಒಪೆರಾ ನೋಡಲು ಉಡುಪಿನ ನಿಯಮವಿದೆಯೇ?

ಬೆಳಗಾವಿಯ ಸದಸ್ಯರು: ನಿಮ್ಮಂಥವರಿಂದಲೇ ನಮ್ಮ ಇತಿಹಾಸ ಮಸುಕಾಗಿರುವುದು.

ಮಾರ್ಗದರ್ಶಿ: ಇಬ್ಬರೂ ನಿಲ್ಲಿಸಿ. ಒಂದು ಮನೆಯಲ್ಲಿ ಸಿಕ್ಕ ಒಂದು ವಸ್ತುವಿನಿಂದ ಇಡೀ ಸಾಮ್ರಾಜ್ಯದ ಪೂಜಾವಿಧಿಯನ್ನು ನಿರ್ಧರಿಸಲಾಗದು.

ಬಳ್ಳಾರಿಯ ಸದಸ್ಯರು: ತಿಂಗಳ ಮೊದಲ ಭಾನುವಾರ ನೇಪಲ್ಸ್‌ನಲ್ಲಿ ಎಲ್ಲವೂ ಉಚಿತವಂತೆ. ಹಾಗೆಯೇ ಸ್ಯಾನ್‌ಸೆವೆರೊ ಗುಡಿಯ ಮುಸುಕು ಹೊದ್ದ ಕ್ರಿಸ್ತನ ಪ್ರತಿಮೆಯ ಮೇಲಿರುವುದು ರಸಾಯನದಿಂದ ಕಲ್ಲಾದ ನಿಜವಾದ ಬಟ್ಟೆಯಂತೆ. ಸಂದೇಶ ಲಗತ್ತಿಸಿದ್ದೇನೆ.

ಮಾರ್ಗದರ್ಶಿ: ಉಚಿತವಿರುವುದು ಸರ್ಕಾರಿ ಸ್ಥಳಗಳು ಮಾತ್ರ, ಆ ದಿನ ವಿಪರೀತ ಜನ. ಸ್ಯಾನ್‌ಸೆವೆರೊ ಖಾಸಗಿ; ಮುಂಗಡ ಟಿಕೆಟ್ ಕೊಳ್ಳಬೇಕು, ಮಂಗಳವಾರ ರಜೆ, ಛಾಯಾಚಿತ್ರ ನಿಷಿದ್ಧ. ಬಟ್ಟೆಯ ಕತೆ ಸುಳ್ಳು. 1753ರಲ್ಲಿ ಜುಸೆಪ್ಪೆ ಸಾನ್‌ಮಾರ್ತಿನೊ ದೇಹವನ್ನೂ ಮುಸುಕನ್ನೂ ಒಂದೇ ಅಮೃತಶಿಲೆಯಲ್ಲಿ ಕಡೆದನು. ಆತನ ಕೈಚಳಕವನ್ನು ರಸಾಯನಕ್ಕೆ ಒಪ್ಪಿಸುವ ಇಂಥ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಕೋಲಾರದ ಸದಸ್ಯರು: ಅಮೆರಿಕದ ವೀಸಾ ಇದ್ದರೆ ಸಾಕಲ್ಲವೇ?

ಮಾರ್ಗದರ್ಶಿ: ಸಾಲದು. ಮೇಲೆ ಓದಿ.

ಹಾಸನದ ಸದಸ್ಯೆ: ಸಸ್ಯಾಹಾರದ ಬಗ್ಗೆ ಸ್ವಲ್ಪ ತಿಳಿಸಿ.

ಮಾರ್ಗದರ್ಶಿ: ಉತ್ತರಿಸಿದ್ದೇನೆ.

ಬೆಳಗಾವಿಯ ಸದಸ್ಯರು: ಹಣ ಪಡೆದು ವಿದೇಶಿಯರ ಮಾತನ್ನೇ ಹೇಳುವ ಮಾರ್ಗದರ್ಶಿಗಳಿಂದ ಬೇರೇನು ನಿರೀಕ್ಷಿಸುವುದು.

ಧಾರವಾಡದ ಸದಸ್ಯೆ: ಸಮಯ ಕೊಟ್ಟು ಉತ್ತರಿಸುತ್ತಿರುವವರಿಗೆ ಇದೇ ಮರ್ಯಾದೆಯೇ?

ಶಿವಮೊಗ್ಗದ ಸದಸ್ಯೆ: ವೈದ್ಯರೊಂದಿಗೆ ಮಾತನಾಡಿದೆ, ಆಗಸ್ಟ್ ಬೇಡವೆಂದರು. ಅಕ್ಟೋಬರ್ ಎರಡನೇ ವಾರಕ್ಕೆ ಬದಲಿಸುತ್ತಿದ್ದೇವೆ. ಹರ್ಕ್ಯುಲೇನಿಯಂಗೆ ರೈಲಿನಲ್ಲಿ ಹೋಗಬಹುದೇ?

ಮಾರ್ಗದರ್ಶಿ: ಒಳ್ಳೆಯದಾಯಿತು. ಸರ್ಕುಂವೆಸುವಿಯಾನಾ ರೈಲಿನಲ್ಲಿ ಎರ್ಕೊಲಾನೊ ಸ್ಕಾವಿ ನಿಲ್ದಾಣಕ್ಕೆ ಸುಮಾರು 20 ನಿಮಿಷ. ಜನಸಂದಣಿ ಹೆಚ್ಚು, ಕುಳಿತುಕೊಳ್ಳಲು ಜಾಗ ಸಿಗುವ ಭರವಸೆಯಿಲ್ಲ. ಚೀಲವನ್ನು ಎದೆಯ ಮುಂದೆ ಹಿಡಿದುಕೊಳ್ಳಿ. ನಿಲ್ದಾಣದಿಂದ ಉತ್ಖನನದವರೆಗೆ ಇಳಿಜಾರು, ಬರುವಾಗ ಅದೇ ಏರು. ತಂದೆಯವರಿಗಾಗಿ ಹಿಂದಿರುಗುವಾಗ ಟ್ಯಾಕ್ಸಿ ಮಾಡಿ.